ನಿಮ್ಮ ಚಿತ್ರದಲ್ಲಿ ತುರು ಎಲ್ಲಿದೆ?

ಪ್ರಶ್ನೆ: ಗೆಳೆಯರು ತರುತ್ತಿರುವ ವೈಜ್ಞಾನಿಕ ಕಥಾಸಂಕಲನಕ್ಕೆ ಮುಖಪುಟ ಬರೆಯುತ್ತಿದ್ದೇನೆ. ಎರಡಡಿ ಅಗಲ, ಮೂರಡಿ ಎತ್ತರದ ಕ್ಯಾನ್ವಾಸ್, ಅಕ್ರಿಲಿಕ್ ಬಣ್ಣ. ನಮ್ಮ ಹಿರೇಬೆಣಕಲ್ಲಿನ ಮೋರೇರ ಗುಡ್ಡದಂಥ ಜಾಗದಲ್ಲಿ ಆಕಾಶದಿಂದ ದೊಡ್ಡ ಯಂತ್ರವೊಂದು ಇಳಿದಿದೆ, ಊರಿನ ಒಬ್ಬ ಯುವತಿ ಈಟಿ ಹಿಡಿದು ಎದುರು ನಿಂತಿದ್ದಾಳೆ. ಕೈಕಾಲು, ಮುಖ ಎಲ್ಲ ಅಳತೆಗೆ ಸರಿಯಾಗಿಯೇ ಇವೆ. ಆದರೆ ನೋಡಿದವರೆಲ್ಲ "ಜಾತ್ರ್ಯಾಗಿನ ಕಟೌಟ್ ಇದ್ದಂಗ ಐತಿ" ಅಂತಾರೆ. ತಪ್ಪು ಎಲ್ಲಿದೆ? ಮುಂದಿನ ಚಿತ್ರದಲ್ಲಿ ಚಂದ್ರನ ಮೇಲೆ ನಿಂತ ಗಗನಯಾತ್ರಿಯನ್ನು ಬರೆಯಬೇಕು. ಮುಖವೇ ಕಾಣದಿದ್ದರೆ ವೀರತನ ತೋರಿಸುವುದು ಹೇಗೆ? (ಓದುಗರು, ಗಂಗಾವತಿ ತಾಲ್ಲೂಕು)

ಉತ್ತರ: ನೀವು ಕಳಿಸಿದ ಫೋಟೋ ನೋಡಿದೆವು. ನಿಮ್ಮ ಕೈ ಚೆನ್ನಾಗಿ ಪಳಗಿದೆ. ಮೈಕಟ್ಟಿನ ಅಳತೆಯಲ್ಲಿ ದೋಷವಿಲ್ಲ. ಆ ಹುಡುಗಿ ಯಾತಕ್ಕಾಗಿ ಅಲ್ಲಿ ನಿಂತಿದ್ದಾಳೆ ಎಂಬುದು ಮಾತ್ರ ಚಿತ್ರದಲ್ಲೆಲ್ಲೂ ಇಲ್ಲ. ಕಟೌಟ್ ಅನ್ನಿಸುವುದಕ್ಕೆ ಇನ್ನೂ ನಾಲ್ಕು ಕಾರಣಗಳಿವೆ, ಅವನ್ನೂ ಹೇಳುತ್ತೇವೆ. ಆದರೆ ಇದೊಂದು ಸರಿಹೋಗದೆ ಉಳಿದವನ್ನು ತಿದ್ದಿದರೆ ಸಿಗುವುದು ಇನ್ನೂ ಚೆಂದದ ಕಟೌಟ್ ಅಷ್ಟೆ.

ನಿಮ್ಮ ಸುತ್ತಮುತ್ತಲಿನ ಊರುಗಳಲ್ಲಿ ಗುಡಿಯ ಮುಂದೆ, ಕೆರೆ ಏರಿಯ ಮೇಲೆ ವೀರಗಲ್ಲುಗಳಿವೆ. ಒಂದರ ಮುಂದೆ ಅರ್ಧ ಗಂಟೆ ಕೂತು ಪೆನ್ಸಿಲ್ಲಿನಲ್ಲಿ ನಕಲು ಮಾಡಿ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ತುರುಗಾಳಗದಲ್ಲಿ, ಅಂದರೆ ತುರುಗಳಿಗಾಗಿ (ದನಗಳಿಗಾಗಿ) ನಡೆದ ಕಾಳಗದಲ್ಲಿ, ಮಡಿದವನ ಕಲ್ಲಾದರೆ ಕೆಳಗಿನ ಪಟ್ಟಿಕೆಯ ಒಂದು ಬದಿಗೆ ಹಸುಗಳ ಸಾಲು ಕೆತ್ತಿರುತ್ತಾರೆ. ಒಂದರ ಮೇಲೊಂದು ಒತ್ತಿಕೊಂಡ ನಾಲ್ಕಾರು ಹಸುಗಳು, ಕೆಲವೊಮ್ಮೆ ಬರೀ ತಲೆ ಮತ್ತು ಕೊಂಬು. ಅಷ್ಟು ಇಕ್ಕಟ್ಟಾದ ಜಾಗದಲ್ಲೂ ಶಿಲ್ಪಿ ತುರುವನ್ನು ಬಿಟ್ಟಿಲ್ಲ. ಆ ಹಸುಗಳನ್ನು ಬೆರಳಿನಿಂದ ಮುಚ್ಚಿ ನೋಡಿ, ಉಳಿಯುವುದು ಕತ್ತಿ ಎತ್ತಿದ ಒಬ್ಬ ಮನುಷ್ಯ ಮಾತ್ರ. ಅವನು ಕಾಯುತ್ತಿದ್ದಾನೋ ದೋಚುತ್ತಿದ್ದಾನೋ ಗೊತ್ತಾಗುವುದಿಲ್ಲ.

ಈಚಿನ ಫ್ಯಾಂಟಸಿ ಚಿತ್ರಗಳಲ್ಲಿ ಹೆಚ್ಚಿನವು ಬೆರಳಿನಿಂದ ಮುಚ್ಚಿದ ವೀರಗಲ್ಲುಗಳೇ. ಸ್ನಾಯು, ಆಯುಧ, ಕೆಂಪು ಸಂಜೆ ಎಲ್ಲ ಇರುತ್ತವೆ, ತುರು ಇರುವುದಿಲ್ಲ. ನಿಮ್ಮ ಕುಮ್ಮಟದುರ್ಗದ ಕುಮಾರರಾಮನನ್ನು ಜನ ನೆನೆಯುವುದು ‘ಪರನಾರೀ ಸಹೋದರ’ ಎಂದು. ತೋಳಿನ ಬಲ ಆ ಬಿರುದಿನಲ್ಲಿ ಬರುವುದೇ ಇಲ್ಲ. ಅವನನ್ನು ಬರೆಯಬೇಕಾದವರು ಒರೆಯಲ್ಲೇ ಉಳಿದ ಕತ್ತಿಯನ್ನೂ ಬೇರೆ ಕಡೆ ತಿರುಗಿದ ಮುಖವನ್ನೂ ಬರೆಯಬೇಕಾಗುತ್ತದೆ, ಅದು ಕತ್ತಿ ಎತ್ತಿದ ಭಂಗಿಗಿಂತ ಕಷ್ಟದ ಕೆಲಸ.

ನಿಮ್ಮ ಚಿತ್ರಕ್ಕೆ ತುರು ಎಲ್ಲಿಂದ ತರುವುದು? ಜಾಗವನ್ನು ನೀವೇ ಆರಿಸಿಕೊಂಡಿದ್ದೀರಿ. ಮೋರೇರ ಮನೆಗಳು ಕಬ್ಬಿಣ ಯುಗದ ಶಿಲಾಸಮಾಧಿಗಳು. ನಿಲ್ಲಿಸಿದ ಚಪ್ಪಡಿ, ಮೇಲೊಂದು ಮುಚ್ಚಿಗೆ ಕಲ್ಲು, ಕೆಲವಕ್ಕೆ ದುಂಡನೆಯ ಕಿಂಡಿ. ಚಿತ್ರದ ಎಡಗಡೆ ಕೆಳಮೂಲೆಯಲ್ಲಿ ಅಂಥದೊಂದು ಮನೆಯ ಒಳಬದಿ ಬರಲಿ. ಅದರೊಳಗೆ ನಮಗೆ ಬೆನ್ನು ಮಾಡಿ ಕೂತ ಒಂದು ಮಗು ಇರಲಿ. ನಾವೂ ಆ ಮಗುವಿನ ಹಿಂದೆಯೇ ಕೂತು, ಹೊರಗೆ ಬಂಡೆಯ ಮೇಲೆ ನಿಂತ ಹುಡುಗಿಯನ್ನೂ ಅವಳಾಚೆಯ ಯಂತ್ರವನ್ನೂ ನೋಡುತ್ತಿದ್ದೇವೆ. ವೀರಗಲ್ಲಿನಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗುವ ಮೂರು ಪಟ್ಟಿಕೆ ಇಲ್ಲಿ ಹತ್ತಿರದಿಂದ ದೂರಕ್ಕೆ ಹೋಗುವ ಮೂರು ಪದರವಾಗುತ್ತದೆ.

ಇನ್ನು ಗಾತ್ರದ ಮಾತು. ಫ್ಯಾಂಟಸಿಗೂ ವೈಜ್ಞಾನಿಕ ಕತೆಗೂ ಚಿತ್ರದ ಸಂಪ್ರದಾಯ ಬೇರೆ ಬೇರೆ. ಫ್ಯಾಂಟಸಿಯಲ್ಲಿ ವೀರ ಚೌಕಟ್ಟಿನ ಅರ್ಧದಿಂದ ಮೂರರಲ್ಲಿ ಎರಡು ಪಾಲು ತುಂಬುತ್ತಾನೆ. 1960ರ ದಶಕದ ನಡುವಿನಿಂದ ಪುಸ್ತಕದ ಮುಖಪುಟಗಳಲ್ಲಿ ಅದನ್ನು ಗಟ್ಟಿ ಮಾಡಿದವರು ಅಮೆರಿಕದ ಫ್ರಾಂಕ್ ಫ್ರಝೆಟ್ಟಾ (1928–2010). ತ್ರಿಕೋನದಂತೆ ಕಟ್ಟಿದ ಆಕೃತಿ, ಅದರ ಸುತ್ತ ಕರಗಿಹೋದ ಹಿನ್ನೆಲೆ, ಒಂದೆರಡು ಕಡೆ ಮಾತ್ರ ಸೂಕ್ಷ್ಮ ಕೆಲಸ. 1973ರ ‘ಡೆತ್ ಡೀಲರ್’ ಚಿತ್ರದಲ್ಲಿ ಕುದುರೆ ಸುಮ್ಮನೆ ನಿಂತಿದೆ, ಸವಾರನ ಮುಖ ಶಿರಸ್ತ್ರಾಣದ ಕತ್ತಲಲ್ಲಿ ಮುಚ್ಚಿಹೋಗಿದೆ. ಹಾಗಿದ್ದೂ ಬೆದರಿಕೆ ಎದ್ದು ಕಾಣುತ್ತದೆ. ವೈಜ್ಞಾನಿಕ ಕತೆಗಳ ಚಿತ್ರ ಇದಕ್ಕೆ ತಿರುಗಾಮುರುಗಾ. 1926ರಲ್ಲಿ ಅಮೆರಿಕದಲ್ಲಿ ಇಂಥ ಕತೆಗಳಿಗೆಂದೇ ಪತ್ರಿಕೆ ಶುರುವಾದಾಗ ಮುಖಪುಟ ಬರೆದ ಫ್ರಾಂಕ್ ಆರ್. ಪಾಲ್ ಅವರಿಂದ ಹಿಡಿದು, ಗ್ರಹವೋ ಯಂತ್ರವೋ ಬೃಹತ್ತಾಗಿ, ಮನುಷ್ಯ ಚಿಕ್ಕವನಾಗಿ ನಿಲ್ಲುವುದು ವಾಡಿಕೆ. ಅಲ್ಲಿ ಮನುಷ್ಯ ಎತ್ತರದಲ್ಲಿ ಹತ್ತರಲ್ಲಿ ಒಂದರಿಂದ ನಾಲ್ಕರಲ್ಲಿ ಒಂದು ಪಾಲು ಇದ್ದರೆ ಸಾಕು.

ನೀವು ಎರಡನ್ನೂ ಬೆರೆಸಿದ್ದೀರಿ. ಹುಡುಗಿ ಇಪ್ಪತ್ತು ಇಂಚು, ಯಂತ್ರವೂ ಹೆಚ್ಚುಕಡಿಮೆ ಇಪ್ಪತ್ತು ಇಂಚು, ಅಕ್ಕಪಕ್ಕ. ಹಾಗಾಗಿ ಯಂತ್ರ ಟ್ರ್ಯಾಕ್ಟರಿನಷ್ಟಾಯಿತು, ಹುಡುಗಿ ಫಲಕವಾದಳು. ಕತೆ ಯಂತ್ರದ್ದಾದ್ದರಿಂದ ಎರಡನೇ ದಾರಿ ಹಿಡಿಯಿರಿ. ಅವಳನ್ನು 9 ಇಂಚಿಗೆ ಇಳಿಸಿ, 36 ಇಂಚಿನ ಎತ್ತರದಲ್ಲಿ ಅದು ಕಾಲುಭಾಗ. ಇಳಿಸಿದರೆ ಅವಳ ವೀರತನ ಕಡಿಮೆಯಾಗುತ್ತದೆ ಎಂಬ ಅಂಜಿಕೆ ಬೇಡ. ಎದುರಿಗಿರುವುದು ಬೆಳೆದಷ್ಟೂ ಅವಳ ನಿಲುವಿಗೆ ಬೆಲೆ ಬರುತ್ತದೆ.

ಈಗ ಲೆಕ್ಕ. ಕೂತ ಮಗುವಿನ ಕಣ್ಣು ನೆಲದಿಂದ ಸುಮಾರು 2 ಅಡಿ ಎತ್ತರದಲ್ಲಿರುತ್ತದೆ, ನಮ್ಮ ಕಣ್ಣೂ ಅಲ್ಲೇ. ಆ ಮಟ್ಟವೇ ದಿಗಂತದ ಗೆರೆ. ಅದನ್ನು ಕ್ಯಾನ್ವಾಸಿನ ಕೆಳ ಅಂಚಿನಿಂದ 8 ಇಂಚಿಗೆ ಎಳೆಯಿರಿ. ಹುಡುಗಿ ಐದೂವರೆ ಅಡಿ ಎತ್ತರದವಳು, ಚಿತ್ರದಲ್ಲಿ 9 ಇಂಚು. ಅಂದರೆ ಅವಳು ನಿಂತ ದೂರದಲ್ಲಿ ಒಂದು ಅಡಿಗೆ 1.6 ಇಂಚು. ಅವಳು ನಿಂತ ಬಂಡೆ 4 ಅಡಿ ಎತ್ತರ ಎಂದುಕೊಂಡರೆ ಪಾದ ನಮ್ಮ ಕಣ್ಣಿಗಿಂತ 2 ಅಡಿ ಮೇಲಿದೆ, ಚಿತ್ರದಲ್ಲಿ ಮೂರೂಕಾಲು ಇಂಚು. ಹಾಗಾಗಿ ಪಾದ 11¼ ಇಂಚಿಗೆ, ನೆತ್ತಿ 20¼ ಇಂಚಿಗೆ ಬರುತ್ತದೆ. ಯಂತ್ರ ಅವಳಿಗಿಂತ ಹತ್ತು ಪಟ್ಟು ದೂರದಲ್ಲಿದ್ದು 200 ಅಡಿ ಎತ್ತರವಿದ್ದರೆ ಅಲ್ಲಿ ಅಡಿಗೆ 0.16 ಇಂಚು, ಒಟ್ಟು 32 ಇಂಚು. ದಿಗಂತದ ಮೇಲೆ ನಿಮಗಿರುವ ಜಾಗ 28 ಇಂಚು. ಯಂತ್ರದ ತಲೆ ಚೌಕಟ್ಟಿನಿಂದ ಆಚೆ ಹೋಗುತ್ತದೆ, ಹೋಗಲಿ ಬಿಡಿ. ಇಡಿಯಾಗಿ ಕಾಣುವ ವಸ್ತುವನ್ನು ಕಣ್ಣು ಒಂದೇ ನೋಟಕ್ಕೆ ಅಳೆದು ಮುಗಿಸುತ್ತದೆ. ಚೌಕಟ್ಟಿನಲ್ಲಿ ಹಿಡಿಸದ್ದನ್ನು ಅಳೆಯಲು ಅದಕ್ಕಾಗುವುದಿಲ್ಲ.

ಈ ಮಟ್ಟದಿಂದ ಬರೆಯುವಾಗ ಬಹಳ ಜನ ಎಡವುವುದು ಬಂಡೆಯ ನೆತ್ತಿಯಲ್ಲಿ. ಕಣ್ಣಿಗಿಂತ ಮೇಲಿರುವ ಬಂಡೆಯ ಮೇಲ್ಮೈ ಕಾಣುವುದೇ ಇಲ್ಲ, ಅಂಚು ಮಾತ್ರ ಕಾಣುತ್ತದೆ. ಆದರೂ ರೂಢಿಯಿಂದ ಕೈ ಒಂದು ಅಂಡಾಕಾರ ಬರೆದು ಅದರ ನಡುವೆ ಪಾದ ಇಟ್ಟುಬಿಡುತ್ತದೆ. ಅಲ್ಲಿಗೆ ಹುಡುಗಿಯನ್ನು ಕೆಳಗಿನಿಂದ, ಬಂಡೆಯನ್ನು ಮೇಲಿನಿಂದ ನೋಡಿದಂತಾಗಿ ಇಬ್ಬರೂ ಬೇರೆ ಬೇರೆ ಕಾಗದದಿಂದ ಕತ್ತರಿಸಿ ಅಂಟಿಸಿದಂತೆ ಕಾಣುತ್ತಾರೆ. ನಿಮ್ಮ ಫೋಟೋದಲ್ಲಿ ಆಗಿರುವುದು ಇದೇ: ಯಂತ್ರದ ಹೊಟ್ಟೆ ಕಾಣುತ್ತದೆ, ಬಂಡೆಯ ನೆತ್ತಿಯೂ ಕಾಣುತ್ತದೆ. ನಿಮ್ಮ ಹೊಸ ಬಂಡೆ ಬರೀ ಅಂಚಾಗಿರಲಿ, ಹಿಂದಿನ ಪಾದದ ಹಿಮ್ಮಡಿಯನ್ನು ಆ ಅಂಚು ಸ್ವಲ್ಪ ಮರೆಮಾಡಲಿ.

ಆಧಾರಕ್ಕೆ ಫೋಟೋ ತೆಗೆಯುವಾಗಲೂ ಇದೇ ಎಚ್ಚರ ಬೇಕು. ನಿಂತು ತೆಗೆದ ಬಂಡೆಯ ಫೋಟೋ ಈ ಚಿತ್ರಕ್ಕೆ ಬರುವುದಿಲ್ಲ. ಫೋನನ್ನು 2 ಅಡಿ ಎತ್ತರಕ್ಕೆ ಇಳಿಸಿ, ಸಮವಾಗಿ ಹಿಡಿದು ತೆಗೆಯಿರಿ. ಭಂಗಿಗೆ ಯಾರನ್ನಾದರೂ ನಿಲ್ಲಿಸಿದರೆ ಹತ್ತಿರ ಹೋಗಬೇಡಿ. ಮೂರು ಅಡಿ ದೂರದಿಂದ ತೆಗೆದರೆ ಕಾಲು ಆನೆಕಾಲಾಗಿ ತಲೆ ನಿಂಬೆಹಣ್ಣಾಗುತ್ತದೆ. ಹದಿನೈದು ಅಡಿ ಹಿಂದೆ ಸರಿದು ಜೂಮ್ ಮಾಡಿ.

ತಲೆಯ ಅಳತೆಗೆ ಬಂದರೆ, ಸಾಮಾನ್ಯ ಮನುಷ್ಯ ಏಳೂವರೆ ತಲೆ ಎತ್ತರ, ಚಿತ್ರದ ನಾಯಕರು ಎಂಟು, ಅತಿಮಾನುಷ ವೀರರು ಒಂಬತ್ತರವರೆಗೆ. ನಿಮ್ಮ ಹುಡುಗಿ ಊರಿನವಳು, ಎಂಟು ಸಾಕು. 9 ಇಂಚಿಗೆ ತಲೆ ಒಂದು ಇಂಚು ಮತ್ತು ಒಂದು ನೂಲು (ಇಂಚಿನ ಎಂಟನೇ ಒಂದು ಪಾಲು). ಎತ್ತರ ಕೂಡಿಸುವುದಿದ್ದರೆ ಕಾಲಿಗೆ ಕೂಡಿಸಿ, ಮುಂಡಕ್ಕೆ ಬೇಡ. ನಮ್ಮ ಶಿಲ್ಪಶಾಸ್ತ್ರದ ನವತಾಳವನ್ನು ಓದಿ ‘ಒಂಬತ್ತು ತಲೆ’ ಎಂದುಕೊಳ್ಳುವವರಿದ್ದಾರೆ. ತಾಳ ಎಂದರೆ ಕೂದಲ ಗೆರೆಯಿಂದ ಗಲ್ಲದವರೆಗಿನ ಮುಖದ ಅಳತೆ, ಇಡೀ ತಲೆಯ ಸುಮಾರು ಮುಕ್ಕಾಲು ಪಾಲು. ಒಂಬತ್ತು ತಾಳ ಏಳು ತಲೆಯ ಆಸುಪಾಸಿಗೆ ಬರುತ್ತದೆ. ಎರಡು ಪದ್ಧತಿಗಳನ್ನು ಒಂದೇ ಆಕೃತಿಯಲ್ಲಿ ಬೆರೆಸಿದರೆ ಕತ್ತಿನ ಕೆಳಗೆ ಎಲ್ಲವೂ ಉದ್ದವಾಗುತ್ತದೆ.

ನಿಲುವು ನೋಡೋಣ. ನಿಮ್ಮ ಹುಡುಗಿಯ ಎರಡೂ ಪಾದ ಒಂದೇ ಗೆರೆಯಲ್ಲಿವೆ, ಎರಡೂ ಮೊಣಕಾಲು ಬಿಗಿದಿವೆ, ಭುಜ ಮತ್ತು ಸೊಂಟ ಅಡ್ಡಗೆರೆಗೆ ಸಮ, ಈಟಿ ಧ್ವಜಸ್ತಂಭದಂತೆ ನೆಟ್ಟಗೆ. ಮೈಯ ಭಾರ ಎಲ್ಲಿ ಬಿದ್ದಿದೆ ಎಂದು ಹೇಳಲಾಗದು. ಭಾರವನ್ನು ಹಿಂದಿನ ಕಾಲಿಗೆ ಕೊಡಿ. ಭಾರ ಹೊತ್ತ ಕಡೆ ಸೊಂಟ ಮೇಲೇಳುತ್ತದೆ, ಅದೇ ಕಡೆ ಭುಜ ಇಳಿಯುತ್ತದೆ. ಕತ್ತಿನ ಗುಳಿಯಿಂದ ತೂಗುಬಿಟ್ಟ ದಾರ ಆ ಪಾದದ ಹತ್ತಿರ ಬೀಳಬೇಕು. ಹಾಗೆ ಬಿದ್ದರೆ ಅವಳು ಎದುರಾಳಿಯನ್ನು ಅಳೆಯುತ್ತಿದ್ದಾಳೆ ಎಂದರ್ಥ. ದಾರ ಮುಂದಿನ ಪಾದದಾಚೆ ಬಿದ್ದರೆ ನುಗ್ಗುತ್ತಿದ್ದಾಳೆ, ಹಿಂದಿನ ಹಿಮ್ಮಡಿಗಿಂತ ಹಿಂದೆ ಹೋದರೆ ಹೆದರಿ ಹಿಂಜರಿದಿದ್ದಾಳೆ. ಮುಖಪುಟಕ್ಕೆ ಮೊದಲನೆಯದು ಒಳ್ಳೆಯದು. ಏಟು ಬೀಳುವ ಕ್ಷಣಕ್ಕಿಂತ ಅದರ ಹಿಂದಿನ ಕ್ಷಣದಲ್ಲಿ ಕತೆ ಹೆಚ್ಚು ಉಳಿದಿರುತ್ತದೆ, ಓದುಗ ಪುಸ್ತಕ ತೆರೆಯುವುದು ಅದಕ್ಕೇ.

ಈಟಿಯೇ ಏಕೆ ಎಂದೂ ಯೋಚಿಸಿ. ಊರಿನ ಹುಡುಗಿಯ ಕೈಗೆ ಸಿಕ್ಕುವುದು ಹಾರೆ. ಒಂದು ಇಂಚು ದಪ್ಪದ, ಐದಡಿ ಉದ್ದದ ಕಬ್ಬಿಣದ ಹಾರೆ ಆರು ಕಿಲೋದಷ್ಟು ತೂಗುತ್ತದೆ. ಅದನ್ನು ಒಂದು ಕೈಯಲ್ಲಿ ಹಿಡಿದರೆ ಆ ಭುಜ ಇಳಿಯುತ್ತದೆ, ಮೈ ಎದುರು ಬದಿಗೆ ವಾಲುತ್ತದೆ, ಮುಂಗೈಯ ನರ ಎದ್ದು ಕಾಣುತ್ತದೆ. ಈ ಮೂರನ್ನು ಬರೆದರೆ ಹಾರೆಗೆ ತೂಕ ಬಂತು, ಹುಡುಗಿಗೂ ಬಂತು. ಹಿಡಿತದಲ್ಲಿ ಕೋಲು ಅಂಗೈಯನ್ನು ಓರೆಯಾಗಿ ಹಾಯಬೇಕು, ಬೆರಳುಗಳಿಗೆ ಲಂಬವಾಗಿ ಅಲ್ಲ. ಚೌಕಟ್ಟಿನ ಅಂಚಿಗೆ ಸಮಾನಾಂತರವಾಗಿ ಮಾತ್ರ ಎಂದೂ ನಿಲ್ಲಿಸಬೇಡಿ, ಹದಿನೈದು ಇಪ್ಪತ್ತು ಡಿಗ್ರಿ ಓರೆ ಇರಲಿ.

ಭಂಗಿ ಸರಿಬಂತೇ ಎಂದು ನೋಡಲು ಆಕೃತಿಯನ್ನು ಪೂರ್ತಿ ಕಪ್ಪು ತುಂಬಿ. ಬಳ್ಳಾರಿ ಸೀಮೆಯಲ್ಲಿ, ಬೆಳಗಲ್ಲು ವೀರಣ್ಣನವರು ಆಡಿಸುತ್ತಿದ್ದಂಥ ತೊಗಲುಗೊಂಬೆಗಳನ್ನು ನೋಡಿದವರಿಗೆ ಈ ಮಾತು ಬೇಗ ಹಿಡಿಸುತ್ತದೆ. ಪರದೆಯ ಹಿಂದಿನ ಬೆಳಕಿನಲ್ಲಿ ಗೊಂಬೆ ಗುರುತಾಗುವುದು ಹೊರಗೆರೆಯಿಂದ. ಅದಕ್ಕೇ ಮುಖ ಬಹುತೇಕ ಪಾರ್ಶ್ವದಲ್ಲಿರುತ್ತದೆ, ತೋಳು ಮೈಯಿಂದ ಬಿಡಿಸಿಕೊಂಡಿರುತ್ತದೆ. ನಿಮ್ಮ ಆಕೃತಿಯಲ್ಲಿ ಮೊಣಕೈ ಮತ್ತು ಸೊಂಟದ ನಡುವೆ, ಎರಡು ಕಾಲುಗಳ ನಡುವೆ, ಹಾರೆ ಮತ್ತು ತಲೆಯ ನಡುವೆ ಹಿನ್ನೆಲೆ ಇಣುಕಬೇಕು. ಈ ಮೂರು ಕಿಂಡಿಗಳೂ ಒಂದೇ ಆಕಾರ, ಒಂದೇ ಗಾತ್ರ ಆಗಕೂಡದು. ದೊಡ್ಡಾಟದ ವೇಷದ ಭುಜಕೀರ್ತಿ, ಕಿರೀಟಗಳ ಕೆಲಸವೂ ಇದೇ, ರಾತ್ರಿ ಬಯಲಿನ ಕೊನೆಯ ಸಾಲಿನವನಿಗೂ ವೀರ ಯಾರೆಂದು ಭುಜದ ಗೆರೆಯಿಂದಲೇ ತಿಳಿಯುತ್ತದೆ. ನಿಮ್ಮ ಹುಡುಗಿಗೆ ಭುಜಕೀರ್ತಿ ಬೇಡ. ಕಚ್ಚೆ ಹಾಕಿದ ಇಳಕಲ್ ಸೀರೆ, ಗಾಳಿಗೆ ಹಾರುವ ಕೆಂಪು ಸೆರಗು ಆ ಕೆಲಸ ಮಾಡುತ್ತವೆ. ಇಡೀ ಚಿತ್ರದಲ್ಲಿ ಅಚ್ಚ ಕೆಂಪು ಅದೊಂದೇ ಆಗಿರಲಿ. ಗಾಳಿ ಯಂತ್ರದಿಂದ ಬರುತ್ತಿದ್ದರೆ ಸೆರಗು, ಕೂದಲು, ಹುಲ್ಲು, ದೂಳು ಎಲ್ಲವೂ ಅದರಿಂದ ಈಚೆಗೇ ಹಾರಬೇಕು. ಈಗ ಸೆರಗು ಎಡಕ್ಕೆ, ಕೂದಲು ಬಲಕ್ಕೆ ಹಾರುತ್ತಿವೆ.

ಯಂತ್ರಕ್ಕೆ ಹೊಳೆಯುವ ಗುಂಡಿ, ನೀಲಿ ದೀಪ ಬಹಳ ಹಾಕಿದ್ದೀರಿ. ಅವುಗಳಿಂದ ಗಾತ್ರ ತಿಳಿಯುವುದಿಲ್ಲ, ಏಕೆಂದರೆ ಆ ದೀಪ ಎಷ್ಟು ದೊಡ್ಡದು ಎಂಬುದು ಯಾರಿಗೂ ಗೊತ್ತಿಲ್ಲ. ನಮಗೆ ಅಳತೆ ಗೊತ್ತಿರುವ ವಸ್ತು ಬೇಕು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, 41 ಅಡಿಗೂ ಉದ್ದನೆಯ ಒಂದು ಚಪ್ಪಡಿ ಇದೆ. ಅದನ್ನು ಬಂಡಿಯ ಮೇಲೆ ಸಾಗಿಸಿದ ರೀತಿಯನ್ನೂ ಅಲ್ಲೇ ಕೊರೆದಿದ್ದಾರೆ. ಕಲ್ಲಿನ ಗಾತ್ರವನ್ನು ಹೇಳುವುದು ಅದನ್ನೆಳೆಯುವ ಪ್ರಾಣಿಗಳ ಉದ್ದನೆಯ ಸಾಲು. ನಿಮ್ಮ ಯಂತ್ರಕ್ಕೆ ಏಣಿ ಮತ್ತು ಕಟಕಟೆ ಹಾಕಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನು ರಸ್ತೆಯಿಂದ ನೋಡಿದರೂ ಕುಲುಮೆಯ ಎತ್ತರ ತಿಳಿಯುವುದು ಅದರ ಸುತ್ತ ಸುತ್ತಿಕೊಂಡ ಮೆಟ್ಟಿಲು, ಕಟಕಟೆಗಳಿಂದ. ಕಟಕಟೆ ಮೂರೂವರೆ ಅಡಿ, ನಿಮ್ಮ ಯಂತ್ರದ ದೂರದಲ್ಲಿ ಅರ್ಧ ಇಂಚಿಗೆ ಕೊಂಚ ಹೆಚ್ಚು. ಅಂಥದ್ದನ್ನು ಎರಡೇ ಕಡೆ ಬರೆಯಿರಿ, ಉಳಿದ ಮೈ ದೊಡ್ಡ ದೊಡ್ಡ ಬಯಲಾಗಿರಲಿ. ಎಲ್ಲೆಡೆ ಸಣ್ಣ ಕೆಲಸ ತುಂಬಿದರೆ ಯಂತ್ರ ಕೈಗಡಿಯಾರದ ಒಳಭಾಗದಂತೆ ಚಿಕ್ಕದಾಗುತ್ತದೆ. ಸಂಡೂರಿನ ಗಣಿ ಲಾರಿಗಳಂತೆ ಅದಕ್ಕೂ ಕೆಂದೂಳು ಹತ್ತಿಸಿ, ಕೆಳಗೆ ದಟ್ಟವಾಗಿ, ಮೇಲಕ್ಕೆ ಹೋದಂತೆ ತೆಳುವಾಗಿ.

ಆ ದೂಳೇ ನಿಮ್ಮ ದೊಡ್ಡ ಸಹಾಯ. ಇಷ್ಟು ದೊಡ್ಡ ಯಂತ್ರ ಇಳಿದರೆ ದೂಳೇಳಲೇಬೇಕು. ದಿಗಂತದಿಂದ ಮೇಲೆ ಹದಿಮೂರು ಇಂಚಿನವರೆಗೆ, ಅಂದರೆ ಹುಡುಗಿಯ ನೆತ್ತಿ ದಾಟುವವರೆಗೆ, ತಿಳಿಯಾದ ದೂಳಿನ ತೆರೆ ಬರಲಿ. ಅದರ ಮುಂದೆ ಅವಳ ಕಪ್ಪು ಆಕೃತಿ ಯಾರ ಹಂಗೂ ಇಲ್ಲದೆ ಎದ್ದು ನಿಲ್ಲುತ್ತದೆ. ಬಿಳಿಯನ್ನು 1, ಕಪ್ಪನ್ನು 5 ಎಂದಿಟ್ಟುಕೊಂಡರೆ ಮೋರೇರ ಮನೆಯ ಒಳಬದಿ ಮತ್ತು ಮಗುವಿನ ಬೆನ್ನು 5, ಹುಡುಗಿ 4, ದೂಳಿನ ಮೇಲಿನ ಯಂತ್ರ 3, ದೂಳು ಮತ್ತು ಆಕಾಶ 2. ಬಿಳಿ 1 ಅನ್ನು ಅಂಚಿನ ಬೆಳಕಿಗೆಂದು ಉಳಿಸಿ. ಬಣ್ಣ ಮುಟ್ಟುವ ಮೊದಲು ಎರಡು ಇಂಚು ಅಗಲ, ಮೂರು ಇಂಚು ಎತ್ತರದ ಇಪ್ಪತ್ತು ಪುಟ್ಟ ಚೌಕಗಳಲ್ಲಿ ಈ ಹಂಚಿಕೆಯನ್ನು ಬೇರೆ ಬೇರೆ ಮಾಡಿ ನೋಡಿ. ಒಂದಕ್ಕೆ ಮೂರು ನಿಮಿಷ, ಬರೀ ಕಪ್ಪು, ಬೂದು ಮಾರ್ಕರ್. ಮೊದಲ ಐದಾರು ಎಲ್ಲರೂ ಬರೆಯುವಂಥವೇ ಆಗಿರುತ್ತವೆ, ನಿಮ್ಮದು ಅವುಗಳ ನಂತರ ಬರುತ್ತದೆ.

ಅಂಚಿನ ಬೆಳಕು ಎಂದು ನೀವು ಹುಡುಗಿಯ ಸುತ್ತ ಒಂದೇ ದಪ್ಪದ ಬಿಳಿ ಗೆರೆ ಎಳೆದಿದ್ದೀರಿ. ಕಟೌಟ್ ಎಂಬ ಮಾತಿಗೆ ನೇರ ಕಾರಣ ಇದು. ಸೂರ್ಯ ಬಲಗಡೆ ಹಿಂದಿದ್ದರೆ ಬೆಳಕು ಬಲಕ್ಕೆ ತಿರುಗಿದ ಅಂಚುಗಳಿಗೆ ಮಾತ್ರ ಬೀಳುತ್ತದೆ. ಕೆನ್ನೆಯ ಮೂಳೆಯಂಥ ಬಿಗಿ ತಿರುವಿನಲ್ಲಿ ಎಳೆಯಂತೆ ಸಣ್ಣಗೆ, ಭುಜ, ತೊಡೆಯಂಥ ಅಗಲ ತಿರುವಿನಲ್ಲಿ ದಪ್ಪಗೆ, ಬಟ್ಟೆಯ ಮಡಿಕೆಯಲ್ಲಿ ತುಂಡುತುಂಡಾಗಿ. ಅದರ ಬಣ್ಣ ಬಿಳಿ ಅಲ್ಲ, ಹಳದಿ ಬೆರೆತ ಬೆಚ್ಚನೆಯ ಬಿಳಿ. ಯಂತ್ರದ ನೀಲಿ ಬೆಳಕು ಬೇಕೇ ಬೇಕಿದ್ದರೆ ಅದು ಸೂರ್ಯನ ಬೆಳಕಿನ ಅರ್ಧದಷ್ಟು ಮಾತ್ರ ಇರಲಿ. ಎರಡು ಬೆಳಕು ಸಮಬಲವಾದರೆ ಮೈಯ ಉಬ್ಬುತಗ್ಗು ಚಪ್ಪಟೆಯಾಗುತ್ತದೆ. ನೆರಳಿನ ಉದ್ದಕ್ಕೂ ಲೆಕ್ಕವಿದೆ. ಸೂರ್ಯ 45 ಡಿಗ್ರಿ ಮೇಲಿದ್ದರೆ ನೆರಳು ಎತ್ತರದಷ್ಟೇ, 30 ಡಿಗ್ರಿಗೆ ಎತ್ತರದ 1.7 ಪಟ್ಟು, 15 ಡಿಗ್ರಿಗೆ 3.7 ಪಟ್ಟು. ನಮ್ಮ ಕಡೆ ಸೂರ್ಯ ಮುಳುಗುವ ಸುಮಾರು ಒಂದು ಗಂಟೆ ಮುಂಚೆ ಈ 15 ಡಿಗ್ರಿ ಸಿಗುತ್ತದೆ. ಬಂಡೆಗಳ ಮೈ ಕೆಂಪೇರಿ, ಸಂದುಗಳಲ್ಲಿ ಆಕಾಶದ ನೀಲಿ ತುಂಬುವ ಹೊತ್ತು ಅದು. ಅದೇ ಹೊತ್ತಿಗೆ ಗುಡ್ಡ ಹತ್ತಿ ನೋಡಿ.

ಬಂಡೆಗಳನ್ನು ಆಲೂಗಡ್ಡೆಯಂತೆ ದುಂಡಗೆ ಉರುಟಿದ್ದೀರಿ. ನಮ್ಮ ಗ್ರಾನೈಟು ಮೊದಲು ನೇರ ಬಿರುಕುಗಳಲ್ಲಿ ಚೌಕಚೌಕವಾಗಿ ಒಡೆದು, ಆಮೇಲೆ ಮೂಲೆಗಳು ಸವೆದು ದುಂಡಾದದ್ದು. ಹಾಗಾಗಿ ಎಷ್ಟೇ ದುಂಡಾದರೂ ಒಳಗೊಂದು ಪೆಟ್ಟಿಗೆ ಅವಿತಿರುತ್ತದೆ. ಮೊದಲು ಪೆಟ್ಟಿಗೆ ಬರೆದು, ಬೆಳಕಿನ ಮೈ ಮತ್ತು ನೆರಳಿನ ಮೈ ಬೇರೆ ಮಾಡಿ, ಕೊನೆಗೆ ಮೂಲೆ ಸವೆಸಿ. ಈರುಳ್ಳಿ ಸಿಪ್ಪೆಯಂತೆ ಎದ್ದ ಪದರ ಒಂದೆರಡು, ಮಳೆನೀರು ಇಳಿದ ಕಪ್ಪು ಪಟ್ಟೆ ಒಂದೆರಡು ಸಾಕು. ಬಣ್ಣಕ್ಕೆ ಬರ್ನ್ಟ್ ಸಿಯೆನ್ನಾ (ಕೆಂಗಂದು), ಅಲ್ಟ್ರಾಮರೀನ್ (ಗಾಢ ನೀಲಿ), ಬಿಳಿ. ಬಿಸಿಲ ಕಡೆ ಸಿಯೆನ್ನಾ ಹೆಚ್ಚು, ಚಿಟಿಕೆ ಯೆಲ್ಲೋ ಓಕರ್ (ಮಣ್ಣಿನ ಹಳದಿ). ನೆರಳ ಕಡೆ ಅಲ್ಟ್ರಾಮರೀನ್ ಹೆಚ್ಚು. ಟ್ಯೂಬಿನ ಕಪ್ಪು ಬೇಡ, ಅದು ನೆರಳನ್ನು ಮಸಿಯಾಗಿಸುತ್ತದೆ.

ಅಕ್ರಿಲಿಕ್ ಒಣಗಿದ ಮೇಲೆ ಒಂದು ಛಾಯೆ ಗಾಢವಾಗುತ್ತದೆ, ಅದಕ್ಕಾಗಿ ಬೇಕಾದ್ದಕ್ಕಿಂತ ಕೊಂಚ ತಿಳಿಯಾಗಿ ಕಲಸಿ. ನಮ್ಮ ಬೇಸಿಗೆಯಲ್ಲಿ ತಟ್ಟೆಯ ಬಣ್ಣ ನಿಮಿಷಗಳಲ್ಲಿ ಕೆನೆಗಟ್ಟುತ್ತದೆ. ಅಗಲ ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು ಅದರ ಮೇಲೆ ಬಣ್ಣ ಕಲಸಿದರೆ ದಿನವಿಡೀ ಬಾಳುತ್ತದೆ. ಫ್ಯಾನ್ ಕ್ಯಾನ್ವಾಸಿನ ಕಡೆ ತಿರುಗಿರಬಾರದು. ಒಣಗುವುದನ್ನು ತಡೆಯುವ ರಿಟಾರ್ಡರ್ ಬಳಸಿದರೆ ಬಣ್ಣದ ಹತ್ತನೇ ಒಂದು ಭಾಗ ಮೀರಬೇಡಿ, ಹೆಚ್ಚಾದರೆ ಮೈ ಅಂಟಂಟಾಗಿಯೇ ಉಳಿದು ದೂಳು ಹಿಡಿಯುತ್ತದೆ. ದೂಳಿನ ತೆರೆಯಂಥ ನಯವಾದ ಏರಿಳಿತವನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸಿಕೊಳ್ಳುವುದು ಜಾಣತನ.

ಇನ್ನು ಚಂದ್ರನ ಮೇಲಿನ ಗಗನಯಾತ್ರಿ. ಇಲ್ಲಿ ಕಲಿತ ದೂಳಿನ ತೆರೆ ಅಲ್ಲಿ ನಡೆಯುವುದಿಲ್ಲ. ಚಂದ್ರನಲ್ಲಿ ಗಾಳಿ ಇಲ್ಲ, ಹಾಗಾಗಿ ದೂರದ ಬೆಟ್ಟವೂ ಹತ್ತಿರದ ಕಲ್ಲಿನಷ್ಟೇ ಚೂಪಾಗಿ ಕಾಣುತ್ತದೆ, ಹಗಲಲ್ಲೂ ಆಕಾಶ ಕಪ್ಪು, ನೆರಳಿನ ಅಂಚು ಹರಿತ. ನೆರಳಿನೊಳಗೆ ಬೆಳಕು ಬರುವುದು ನೆಲದಿಂದ ಪುಟಿದು ಮಾತ್ರ. ಗಾಳಿ ತುಂಬಿ ಬಿಗಿದ ಉಡುಪಿನಲ್ಲಿ ಮುಷ್ಟಿ ಬಿಗಿಯುವುದೇ ಶ್ರಮ, ತೋಳು ತಾನಾಗಿ ಸ್ವಲ್ಪ ಮಡಚಿ ನಿಲ್ಲುತ್ತದೆ. ಎದೆ ಸೆಟೆದು ಕೈ ಸೊಂಟದ ಮೇಲಿಟ್ಟ ಭಂಗಿ ಅಲ್ಲಿ ಸುಳ್ಳಾಗುತ್ತದೆ. ಅಪೊಲೊ ಯಾತ್ರಿಗಳ ಉಡುಪು, ಬೆನ್ನಿನ ಪೆಟ್ಟಿಗೆ ಸೇರಿ ಭೂಮಿಯಲ್ಲಿ 80 ಕಿಲೋ ದಾಟುತ್ತಿತ್ತು. ಚಂದ್ರನಲ್ಲಿ ತೂಕ ಆರರಲ್ಲಿ ಒಂದು ಪಾಲಾದರೂ ಬೆನ್ನಿನ ಹೊರೆಯನ್ನು ಸರಿದೂಗಿಸಲು ಅವರು ಮುಂದಕ್ಕೆ ಬಾಗಿಯೇ ನಿಲ್ಲುತ್ತಿದ್ದರು. ಆ ಬಾಗಿದ ಬೆನ್ನನ್ನೇ ಬರೆಯಿರಿ. ಮುಖಕ್ಕೆ ಬದಲು ನಿಮಗಿರುವುದು ಚಿನ್ನದ ಲೇಪದ ಗಾಜು. ಅದು ಉಬ್ಬುಕನ್ನಡಿ, ಎದುರಿಗಿರುವುದೆಲ್ಲ ಅದರಲ್ಲಿ ಚಿಕ್ಕದಾಗಿ, ಅಂಚಿನಲ್ಲಿ ಬಾಗಿ ಕಾಣುತ್ತದೆ. ಗಾಯಗೊಂಡು ಬಿದ್ದ ಜೊತೆಗಾರನೋ, ಕಪ್ಪು ಆಕಾಶದಲ್ಲಿ ನೀಲಿ ಭೂಮಿಯೋ ಆ ಗಾಜಿನಲ್ಲಿ ಕಂಡರೆ ತುರು ಸಿಕ್ಕಿತು, ಮುಖ ಬೇಕಾಗುವುದಿಲ್ಲ. ಒಂದು ಎಚ್ಚರ: ಅಮೆರಿಕದ ಬಾಹ್ಯಾಕಾಶ ಚಿತ್ರಕಾರ ಚೆಸ್ಲಿ ಬಾನೆಸ್ಟೆಲ್ ಬರೆದ, 1944ರಲ್ಲಿ ಅಚ್ಚಾದ, ಶನಿಯ ಉಪಗ್ರಹ ಟೈಟನ್ ಮೇಲಿಂದ ಕಾಣುವ ಶನಿಯ ಚಿತ್ರ ಇಂದಿಗೂ ಮೈ ನವಿರೇಳಿಸುತ್ತದೆ. ಆದರೆ ಟೈಟನ್ನಿನ ಆಕಾಶ ಕಿತ್ತಳೆ ಬಣ್ಣದ ದಟ್ಟ ಮಬ್ಬು ಎಂದು 1980ರಲ್ಲಿ ಅದರ ಹತ್ತಿರ ಹಾದುಹೋದ ವಾಯೇಜರ್ 1 ನೌಕೆ ತೋರಿಸಿಕೊಟ್ಟಿತು. ಅವರಿಗೆ ಆ ತಿಳಿವಳಿಕೆ ಸಿಗುವಂತಿರಲಿಲ್ಲ, ನಿಮಗೆ ಸಿಗುತ್ತದೆ. ಯಾವ ಲೋಕ ಬರೆದರೂ ಅದರ ಗಾಳಿ, ಗುರುತ್ವ, ಬೆಳಕು ವಿಚಾರಿಸಿಕೊಂಡು ಬರೆಯಿರಿ.

ಮುದ್ರಣದ ಬಗ್ಗೆ ಚುಟುಕಾಗಿ. ಡೆಮಿ ಅಳತೆಯ ಪುಸ್ತಕ ಐದೂವರೆ ಇಂಚು ಅಗಲ, ಎಂಟೂವರೆ ಎತ್ತರ. ನಿಮ್ಮ ಕ್ಯಾನ್ವಾಸು ಆ ಪ್ರಮಾಣಕ್ಕಿಂತ ಕೊಂಚ ಅಗಲ, ಎಡಬಲ ಸೇರಿ ಮುಕ್ಕಾಲು ಇಂಚು ಕತ್ತರಿಗೆ ಹೋಗುತ್ತದೆ. ಇದಲ್ಲದೆ ಅಂಚಿಗೆ 3 ಮಿಲಿಮೀಟರ್ ಬಿಡಬೇಕು. ಮಗುವನ್ನು ತೀರಾ ಮೂಲೆಗೆ ಒತ್ತಬೇಡಿ. ಶೀರ್ಷಿಕೆಗೆಂದು ಮೇಲಿನ 8 ಇಂಚಿನಲ್ಲಿ ಆಕಾಶ ಮತ್ತು ಯಂತ್ರದ ಬಯಲು ಮೈ ಮಾತ್ರ ಇರಲಿ, ಸಣ್ಣ ಕೆಲಸ ಬೇಡ. ಟ್ಯೂಬಿನಲ್ಲಿ ಝಗಮಗಿಸುವ ನೀಲಿ ಅಚ್ಚಿನಲ್ಲಿ ಮಂಕಾಗುತ್ತದೆ, ಹೊಳಪನ್ನು ಬಣ್ಣದಿಂದ ಕೇಳದೆ ಸುತ್ತಲಿನ ಕತ್ತಲಿನಿಂದ ತನ್ನಿ.

ಈ ಕ್ಯಾನ್ವಾಸನ್ನು ಎಸೆಯಬೇಡಿ. 400ನೇ ನಂಬರಿನ ಉಜ್ಜುಕಾಗದವನ್ನು ಒದ್ದೆ ಮಾಡಿ ದಪ್ಪ ಬಣ್ಣದ ಏಣುಗಳನ್ನು ಸಮ ಮಾಡಿ, ಒಣಗಿಸಿ, ಸಿಯೆನ್ನಾ ಬೆರೆತ ಬೂದು ಜೆಸ್ಸೊ (ಕ್ಯಾನ್ವಾಸಿನ ಅಡಿಲೇಪ) ಎರಡು ಕೈ ಬಳಿಯಿರಿ. ಹಳೆಯ ಹುಡುಗಿಯನ್ನು ಉಳಿಸಿಕೊಳ್ಳುವ ಆಸೆ ಬರುತ್ತದೆ, ಮುಖ ಚೆನ್ನಾಗಿ ಬಂದಿದೆಯಲ್ಲ ಎಂದು. ಉಳಿಸಿದರೆ ಉಳಿದದ್ದೆಲ್ಲ ಅವಳ ಅಳತೆಗೆ ಬಗ್ಗಬೇಕಾಗುತ್ತದೆ, ಆ ಮುಖವನ್ನು ಬೇರೆ ಕಾಗದಕ್ಕೆ ನಕಲು ಮಾಡಿಟ್ಟುಕೊಂಡು ಮುಚ್ಚಿಬಿಡಿ. ಆಮೇಲೆ ದಿಗಂತದ ಗೆರೆ, ಆಕಾಶ ಮತ್ತು ದೂಳು, ಯಂತ್ರ, ಬಂಡೆಗಳು, ಹುಡುಗಿ, ಮೋರೇರ ಮನೆಯ ಕತ್ತಲು, ಈ ಸಾಲಿನಲ್ಲಿ ಹಿಂದಿನಿಂದ ಮುಂದಕ್ಕೆ ಬನ್ನಿ. ಪಾದ ಬಂಡೆಯನ್ನು ತಾಗುವಲ್ಲಿ ಹುಡುಗಿಯ ಮೈಗಿಂತ ಗಾಢವಾದ, ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯಿರಿ. ಅದಿಲ್ಲದಿದ್ದರೆ ಅವಳು ಗಾಳಿಯಲ್ಲಿ ತೇಲುತ್ತಾಳೆ. ಕೊನೆಗೆ ಸಣ್ಣ ಬ್ರಷ್ ತೆಗೆದುಕೊಂಡು, ಹುಡುಗಿಯ ಭುಜಕ್ಕೆ ಬಳಸಿದ ಅದೇ ಬೆಚ್ಚನೆಯ ಬಿಳಿಯನ್ನು ಮಗುವಿನ ಬಲಗಿವಿಯ ಅಂಚಿಗೆ ಒಂದು ಸಲ ತಾಗಿಸಿ. ಇಬ್ಬರ ಮೇಲೂ ಬಿದ್ದಿರುವುದು ಒಂದೇ ಬೆಳಕು ಎಂದು ಅಷ್ಟರಿಂದಲೇ ತಿಳಿಯುತ್ತದೆ.